ಅಪ್‌ಡೇಟ್ ಫೇಲ್ ಆದಾಗ ಯಂತ್ರ ಹೇಳುವುದೇನು?

ಪ್ರತಿ ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹತ್ತು ಗಂಟೆಗೆ, ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ಆ ತಿಂಗಳ ದುರಸ್ತಿಗಳನ್ನು ಬಿಡುಗಡೆ ಮಾಡುತ್ತದೆ. 2003ರ ಅಕ್ಟೋಬರ್‌ನಿಂದ ನಡೆದುಬಂದ ಪದ್ಧತಿಯಿದು. ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ. ಅವರ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯ ಮನೆಯೊಂದಕ್ಕೆ ಅದು ಬಂದು ಮುಟ್ಟುವುದು ಬುಧವಾರವೋ ಗುರುವಾರವೋ, ಯಾರಾದರೂ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿದಾಗ.

ಆ ಮನೆಯಲ್ಲಿ ಏಳೆಂಟು ವರ್ಷದ ಹಳೆಯ ಡೆಸ್ಕ್‌ಟಾಪ್ ಇದೆ ಎಂದಿಟ್ಟುಕೊಳ್ಳೋಣ. ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳು, ಅಣ್ಣನ ಮದುವೆಯ ಫೋಟೊಗಳು, ಹೊಲದ ಪಹಣಿ ಎಲ್ಲವೂ ಅದರಲ್ಲೇ. ಅಪ್‌ಡೇಟ್ ಇಳಿಯಿತು, ರೀಸ್ಟಾರ್ಟ್ ಆಯಿತು, ಶೇಕಡಾ 30ಕ್ಕೆ ಬಂದಾಗ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಅಪ್‌ಡೇಟ್ ಪೂರ್ತಿ ಮಾಡಲಾಗಲಿಲ್ಲ, ಬದಲಾವಣೆಗಳನ್ನು ರದ್ದುಪಡಿಸುತ್ತಿದ್ದೇವೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ಅದರ ಅರ್ಥ.

“ಏನಾಗ್ಯಾದವ್ವಾ ಅದಕ್ಕ?” ಎಂದು ಕಾಕಾ ಕೇಳುತ್ತಾರೆ.

“ಅಪ್‌ಡೇಟ್ ಫೇಲ್ ಆಗ್ಯಾದ ಕಾಕಾ.”

“ಹಂಗಾದ್ರ ಯಾದಗಿರಿಗಿ ಒಯ್ದು ಫಾರ್ಮ್ಯಾಟ್ ಹೊಡಿಸಿಬಿಡು.”

ಇಂಥ ಸಲಹೆ ಕೊಡದ ಊರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಕೊಡುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಕಂಪ್ಯೂಟರ್ ಕೆಟ್ಟಿತು ಎಂದೇ ಅವರು ತಿಳಿದಿರುತ್ತಾರೆ. ಆದರೆ ಪರದೆಯ ಮೇಲಿನ ಆ ಎರಡು ಸಾಲು ಕೆಟ್ಟ ಸುದ್ದಿಯಲ್ಲ. ಹೊಸದನ್ನು ಪೂರ್ತಿಯಾಗಿ ಕೂರಿಸಲು ಆಗದಿದ್ದರೆ ಹಳೆಯದನ್ನು ಪೂರ್ತಿಯಾಗಿ ಉಳಿಸಿಕೊಡುತ್ತೇನೆ ಎಂದು ಯಂತ್ರಕ್ಕೊಂದು ನಿಯಮ ಹಾಕಿಕೊಟ್ಟಿದ್ದಾರೆ. ಅದು ಆ ನಿಯಮವನ್ನು ಪಾಲಿಸುತ್ತಿದೆ, ಅಷ್ಟೆ. ಯಾಕೆ ಆಗಲಿಲ್ಲ ಎಂಬುದನ್ನೂ ಒಂದು ಸಂಖ್ಯೆಯ ರೂಪದಲ್ಲಿ ಬರೆದಿಟ್ಟಿರುತ್ತದೆ. ಆ ಸಂಖ್ಯೆಯನ್ನು ಓದಲು ಬಂದರೆ ಫಾರ್ಮ್ಯಾಟಿನ ಮಾತು ಬಹಳಷ್ಟು ಸಲ ಬರುವುದೇ ಇಲ್ಲ.

ಆದರೆ ಪೂರ್ತಿ, ಇಲ್ಲವಾದರೆ ಮೊದಲಿನಂತೆ

ವಿಂಡೋಸ್ ಎಂಬುದು ಒಂದೇ ಕಡತವಲ್ಲ, ಒಂದಕ್ಕೊಂದು ನೆಚ್ಚಿಕೊಂಡ ಸಾವಿರಾರು ಕಡತಗಳ ಕೂಟ. ತಿಂಗಳ ಅಪ್‌ಡೇಟ್ ಇವುಗಳಲ್ಲಿ ಹಲವನ್ನು ಒಟ್ಟಿಗೇ ಬದಲಿಸುತ್ತದೆ. ಅರ್ಧ ಹೊಸದಾಗಿ ಅರ್ಧ ಹಳೆಯದಾಗಿ ಉಳಿದರೆ ಎರಡರ ನಡುವೆ ಹೊಂದಾಣಿಕೆ ತಪ್ಪಿ ಕಂಪ್ಯೂಟರ್ ಏಳುವುದೇ ಇಲ್ಲ. ಇನ್ನೊಂದು ತೊಡಕೂ ಇದೆ. ಕಂಪ್ಯೂಟರ್ ನಡೆಯುತ್ತಿರುವಾಗ ಈ ಕಡತಗಳಲ್ಲಿ ಹಲವು ಬಳಕೆಯಲ್ಲಿರುತ್ತವೆ, ಬಳಕೆಯಲ್ಲಿರುವ ಕಡತವನ್ನು ವಿಂಡೋಸ್ ತೆಗೆಯಲು ಬಿಡುವುದಿಲ್ಲ. ಅಪ್‌ಡೇಟ್ ರೀಸ್ಟಾರ್ಟ್ ಕೇಳುವುದು ಇದೇ ಕಾರಣಕ್ಕೆ.

ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ. ಮೊದಲು ಹೊಸ ಕಡತಗಳು ನೆಟ್‌ನಿಂದ ಇಳಿಯುತ್ತವೆ. ಎರಡನೆಯದು ತಪಾಸಣೆ: ಇಳಿದದ್ದು ನಿಜವಾಗಿಯೂ ಮೈಕ್ರೋಸಾಫ್ಟ್ ಕಳಿಸಿದ್ದೇ, ದಾರಿಯಲ್ಲಿ ಒಂದು ಅಕ್ಷರವಾದರೂ ಬದಲಾಗಿದೆಯೇ ಎಂದು ಡಿಜಿಟಲ್ ಸಹಿಯಿಂದ ಪರೀಕ್ಷಿಸಲಾಗುತ್ತದೆ. ಮೂರನೆಯ ಹಂತದಲ್ಲಿ ಹೊಸ ಕಡತಗಳು ಹಳೆಯವುಗಳನ್ನು ಮುಟ್ಟದೆ ಪಕ್ಕದ ಉಗ್ರಾಣಕ್ಕೆ ಹೋಗುತ್ತವೆ. ವಿಂಡೋಸ್ ಫೋಲ್ಡರಿನೊಳಗಿನ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಫೋಲ್ಡರೇ ಆ ಉಗ್ರಾಣ. ಏನೇನು ಬದಲಿಸಬೇಕು ಎಂಬ ಪಟ್ಟಿಯೂ ಅಲ್ಲೇ ಸಿದ್ಧವಾಗುತ್ತದೆ. ನಾಲ್ಕನೆಯದು ರೀಸ್ಟಾರ್ಟ್ ಹೊತ್ತಿನಲ್ಲಿ ಆ ಪಟ್ಟಿಯಂತೆ ಹಳೆಯದರ ಜಾಗಕ್ಕೆ ಹೊಸದನ್ನು ತರುವುದು. ನಡುವೆ ಕರೆಂಟ್ ಹೋದರೂ ಪಟ್ಟಿ ಡಿಸ್ಕಿನಲ್ಲಿ ಉಳಿದಿರುತ್ತದೆ. ಮತ್ತೆ ಆನ್ ಆದಾಗ ಯಂತ್ರ ಪಟ್ಟಿಯನ್ನು ನೋಡಿ, ಮುಂದುವರಿಸಬಹುದಾದರೆ ಮುಂದುವರಿಸುತ್ತದೆ, ಆಗದಿದ್ದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುತ್ತದೆ.

ಈ ನಿಯಮ ಹುಟ್ಟಿದ್ದು ದತ್ತಾಂಶ ಸಂಗ್ರಹಗಳ ಶಾಸ್ತ್ರದಲ್ಲಿ. 1970ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ ಕೇಳಿಕೊಂಡ ಪ್ರಶ್ನೆ ಇದು: ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡಿಸುವ ಮಧ್ಯದಲ್ಲಿ ಯಂತ್ರ ನಿಂತರೆ ಆ ಹಣ ಎಲ್ಲಿ ಹೋಯಿತು? ಕಳೆಯುವುದು, ಕೂಡಿಸುವುದು ಎರಡೂ ಸೇರಿ ಒಂದೇ ವ್ಯವಹಾರ. ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು ಎಂಬುದು ಅವರ ಉತ್ತರ. 1983ರಲ್ಲಿ ಜರ್ಮನಿಯ ಥಿಯೋ ಹೆರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ಇಂಥ ವ್ಯವಹಾರಕ್ಕೆ ಇರಬೇಕಾದ ನಾಲ್ಕು ಗುಣಗಳಿಗೆ ‘ಆಸಿಡ್’ ಎಂಬ ಹೆಸರು ಕೊಟ್ಟರು. ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಯುಪಿಐನಲ್ಲಿ ಹಣ ಕಡಿತವಾಗಿ ಅಂಗಡಿಯವರಿಗೆ ಮುಟ್ಟದಿದ್ದಾಗ ಅದು ನಮ್ಮ ಖಾತೆಗೆ ವಾಪಸ್ ಬರುತ್ತದಲ್ಲ, ಅದರ ಹಿಂದಿರುವುದು ಇದೇ ತತ್ವ.

ವಿಂಡೋಸ್‌ನ ಅಪ್‌ಡೇಟ್ ವ್ಯವಸ್ಥೆ ವಿಸ್ಟಾ ಆವೃತ್ತಿಯ ಕಾಲಕ್ಕೆ ಈ ದಾರಿ ಹಿಡಿಯಿತು. ಆಂಡ್ರಾಯ್ಡ್ ಫೋನುಗಳಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ, ಈ ಸೌಲಭ್ಯವಿರುವ ಫೋನುಗಳಲ್ಲಿ ವ್ಯವಸ್ಥೆಗೆ ಎರಡು ಜಾಗಗಳಿವೆ. ಒಂದರಲ್ಲಿ ಫೋನು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸ ಆವೃತ್ತಿ ಸಿದ್ಧವಾಗುತ್ತದೆ. ಮುಂದಿನ ಸಲ ಫೋನು ಹೊಸ ಜಾಗದಿಂದ ಏಳಲು ನೋಡುತ್ತದೆ, ಆಗದಿದ್ದರೆ ಹಳೆಯ ಜಾಗಕ್ಕೆ ಮರಳುತ್ತದೆ.

ಆದ್ದರಿಂದ ಬದಲಾವಣೆ ರದ್ದಾಗುತ್ತಿದೆ ಎಂಬ ಸಾಲು ಕಂಡರೆ ಮಾಡಬೇಕಾದ ಮೊದಲ ಕೆಲಸ ಕಾಯುವುದು. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಶೇಕಡಾ ಲೆಕ್ಕ ಒಂದೇ ಕಡೆ ನಿಂತಂತೆ ಕಂಡರೂ ಸಿಪಿಯು ಪೆಟ್ಟಿಗೆಯ ಮುಂಭಾಗದಲ್ಲಿರುವ ಡಿಸ್ಕ್ ದೀಪ ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ಆಗ ಬಟನ್ ಒತ್ತಿ ಆಫ್ ಮಾಡಿದರೆ, ರಕ್ಷಿಸಲು ಹೊರಟ ಯಂತ್ರದ ಕೈಯನ್ನು ನಾವೇ ಕಟ್ಟಿದಂತಾಗುತ್ತದೆ.

ಎಂಟು ಅಂಕೆಗಳಲ್ಲಿ ಅಡಗಿರುವ ಕಾರಣ

ಕಂಪ್ಯೂಟರ್ ಹಳೆಯ ಸ್ಥಿತಿಗೆ ಬಂದು ತೆರೆದುಕೊಂಡಿತು ಎನ್ನೋಣ. ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ಅಪ್‌ಡೇಟ್ ಹಿಸ್ಟರಿ ತೆರೆದರೆ, ಫೇಲ್ ಆದ ಅಪ್‌ಡೇಟಿನ ಜೊತೆ ಒಂದು ಕೋಡ್ ಸಿಗುತ್ತದೆ. ಸೊನ್ನೆ, ಎಕ್ಸ್ ಅಕ್ಷರ, ಆಮೇಲೆ ಎಂಟು ಅಂಕೆ. ಶುರುವಿನ ಸೊನ್ನೆ ಮತ್ತು ಎಕ್ಸ್, ಇದು ಹದಿನಾರರ ಪದ್ಧತಿಯ ಸಂಖ್ಯೆ ಎಂಬುದಕ್ಕೆ ಗುರುತು. ನಮ್ಮ ದಶಮಾನ ಪದ್ಧತಿಯಲ್ಲಿ ಸ್ಥಾನ ಒಂದೊಂದು ಏರಿದಂತೆ ಬೆಲೆ ಹತ್ತರಷ್ಟಾದರೆ ಇಲ್ಲಿ ಹದಿನಾರರಷ್ಟಾಗುತ್ತದೆ. ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳನ್ನು ಬಳಸುತ್ತಾರೆ.

ಮಗಳ ಕಂಪ್ಯೂಟರಿನಲ್ಲಿ ಕಂಡ ಕೋಡ್ 80070070 ಎಂದುಕೊಳ್ಳಿ. ಇದನ್ನು ಮೂರು ತುಂಡು ಮಾಡಿ ಓದಬೇಕು. ಮೊದಲಿನ 8 ಎಂದರೆ ಕೆಲಸ ವಿಫಲ. ನಂತರದ 007 ಎಂದರೆ ದೋಷ ವಿಂಡೋಸ್‌ನ ಮೂಲ ದೋಷಪಟ್ಟಿಗೆ ಸೇರಿದ್ದು. ಕೊನೆಯ 0070 ಎಂದರೆ ಆ ಪಟ್ಟಿಯಲ್ಲಿ ಎಷ್ಟನೆಯದು ಎಂಬುದು. ಹದಿನಾರರ ಪದ್ಧತಿಯ 70ನ್ನು ನಮ್ಮ ಲೆಕ್ಕಕ್ಕೆ ತಂದರೆ ಏಳು ಹದಿನಾರಲೆ 112. ಈಗ ಸ್ಟಾರ್ಟ್ ಮೆನುವಿನಿಂದ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ‘ನೆಟ್’ ಎಂದು ಬರೆದು, ಜಾಗ ಬಿಟ್ಟು, ‘ಹೆಲ್ಪ್’ ಪದಕ್ಕೆ ಎಂ, ಎಸ್, ಜಿ ಅಕ್ಷರಗಳನ್ನು ಅಂಟಿಸಿ ಬರೆದು, ಮತ್ತೆ ಜಾಗ ಬಿಟ್ಟು 112 ಹಾಕಿ ಎಂಟರ್ ಒತ್ತಬೇಕು. ಡಿಸ್ಕಿನಲ್ಲಿ ಸಾಕಷ್ಟು ಜಾಗವಿಲ್ಲ ಎಂದು ವಿಂಡೋಸ್ ಇಂಗ್ಲಿಷಿನಲ್ಲಿ ನೇರವಾಗಿ ಹೇಳುತ್ತದೆ. ಇದಕ್ಕೆ ನೆಟ್ ಬೇಡ, ಅಂಗಡಿಯೂ ಬೇಡ. ಗುಣಾಕಾರ ಬೇಸರವಾದರೆ ವಿಂಡೋಸ್‌ನ ಕ್ಯಾಲ್ಕುಲೇಟರಿನಲ್ಲಿ ‘ಪ್ರೋಗ್ರಾಮರ್’ ಎಂಬ ಬಗೆಯನ್ನು ಆರಿಸಿದರೆ ಅದೇ ಲೆಕ್ಕ ಮಾಡಿಕೊಡುತ್ತದೆ.

8007ರಿಂದ ಶುರುವಾಗುವ ಅನೇಕ ಕೋಡುಗಳನ್ನು ಹೀಗೇ ಓದಬಹುದು. 80070002 ಎಂದರೆ ಪಟ್ಟಿಯ 2ನೆಯ ದೋಷ: ಬೇಕಾದ ಕಡತ ಸಿಗುತ್ತಿಲ್ಲ. 80070005 ಎಂದರೆ ಅನುಮತಿ ಇಲ್ಲ. ಈ ಎರಡು ಸಂಖ್ಯೆಗಳು ಎಂಎಸ್-ಡಾಸ್ ಕಾಲದಿಂದಲೂ ಅದೇ ಅರ್ಥದಲ್ಲಿ ನಡೆದುಬಂದಿವೆ. 80070020 ಎಂದರೆ 32: ಕಡತವನ್ನು ಬೇರೊಂದು ಪ್ರೋಗ್ರಾಮ್ ಹಿಡಿದುಕೊಂಡಿದೆ, ಹೆಚ್ಚಾಗಿ ಆ್ಯಂಟಿವೈರಸ್. 80070422 ಎಂದರೆ 1058: ಬೇಕಾದ ಸೇವೆಯನ್ನೇ ಯಾರೋ ಬಂದ್ ಮಾಡಿಟ್ಟಿದ್ದಾರೆ. ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಸಿಕೊಂಡ ಯಂತ್ರಗಳಲ್ಲಿ ಇದು ಸಾಮಾನ್ಯ. ಅಪ್‌ಡೇಟ್ ಬಂದರೆ ಕಳ್ಳಪ್ರತಿ ಬಯಲಾದೀತೆಂದು ಅಪ್‌ಡೇಟ್ ಸೇವೆಯನ್ನೇ ನಿಲ್ಲಿಸಿರುತ್ತಾರೆ. 80073712 ಎಂದರೆ ಮೇಲೆ ಹೇಳಿದ ಉಗ್ರಾಣವೇ ಹಾಳಾಗಿದೆ.

ಎಲ್ಲ ಕೋಡುಗಳೂ ಇಷ್ಟು ಬಿಚ್ಚಿ ಹೇಳುವುದಿಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಜಗತ್ತಿನಾದ್ಯಂತ ಅನೇಕ ಮನೆ ಕಂಪ್ಯೂಟರುಗಳಲ್ಲಿ 80070643 ಎಂಬ ಕೋಡ್ ತೋರಿಸಿ ವಿಫಲವಾಯಿತು. ಲೆಕ್ಕ ಹಾಕಿದರೆ 1603, ಅಂದರೆ ‘ಸ್ಥಾಪಿಸುವಾಗ ಗಂಭೀರ ದೋಷ’. ಯಾವ ದೋಷ ಎಂಬುದು ಅದರಲ್ಲಿಲ್ಲ. ನಿಜವಾದ ಕಾರಣ, ಡಿಸ್ಕಿನ ಕಣ್ಣಿಗೆ ಕಾಣದ ಮೂಲೆಯಲ್ಲಿರುವ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದಿರುವುದು. ಸಿ ಡ್ರೈವ್‌ನಲ್ಲಿ ಎಷ್ಟೇ ಜಾಗ ಮಾಡಿದರೂ ಪ್ರಯೋಜನವಾಗಲಿಲ್ಲ. ಇಂಥ ಕಡೆ ಕೋಡ್ ಜೊತೆಗೆ ಅಪ್‌ಡೇಟಿನ ಹೆಸರಿನಲ್ಲೇ ಇರುವ ‘ಕೆಬಿ’ ಸಂಖ್ಯೆಯನ್ನೂ ಬರೆದುಕೊಂಡು ಮೈಕ್ರೋಸಾಫ್ಟ್ ಆ ಅಪ್‌ಡೇಟ್ ಬಗ್ಗೆ ಕೊಟ್ಟಿರುವ ವಿವರಣೆ ನೋಡಬೇಕು.

ಜಾಗ, ಗಡಿಯಾರ, ನೆಟ್, ಕರೆಂಟ್

ನಮ್ಮ ಊರುಗಳ ಮನೆ ಕಂಪ್ಯೂಟರುಗಳಲ್ಲಿ ಅಪ್‌ಡೇಟ್ ಕೆಡಿಸುವ ಕಾರಣಗಳನ್ನು ಈ ನಾಲ್ಕು ಹೆಸರಿನಲ್ಲಿ ನೆನಪಿಟ್ಟುಕೊಂಡರೆ ಹೆಚ್ಚಿನವು ಸಿಕ್ಕಿಬಿಡುತ್ತವೆ.

ಜಾಗದ ಸಮಸ್ಯೆ ಬರುವುದು ಡಿಸ್ಕ್ ಚಿಕ್ಕದೆಂದಲ್ಲ, ಹಂಚಿಕೆ ಸರಿಯಿಲ್ಲವೆಂದು. ಅಂಗಡಿಯಲ್ಲಿ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ ಸಿ ಡ್ರೈವ್‌ಗೆ ಕಡಿಮೆ ಜಾಗ ಕೊಟ್ಟಿರುತ್ತಾರೆ. ವಿಂಡೋಸ್, ಡೌನ್‌ಲೋಡ್‌ಗಳು, ಡೆಸ್ಕ್‌ಟಾಪಿನ ಮೇಲೆ ಇಟ್ಟ ಪ್ರತಿಯೊಂದು ಕಡತ, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಎಲ್ಲವೂ ತುಂಬುವುದು ಸಿ ಡ್ರೈವ್‌ನಲ್ಲೇ. ಡಿ ಡ್ರೈವ್ ಖಾಲಿ ಬಿದ್ದಿದ್ದರೂ ಅಪ್‌ಡೇಟಿಗೆ ಅದು ಲೆಕ್ಕಕ್ಕಿಲ್ಲ. ದಿಸ್ ಪಿಸಿ ತೆರೆದಾಗ ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದ್ದರೆ ಶೇಕಡಾ 10ಕ್ಕಿಂತ ಕಡಿಮೆ ಉಳಿದಿದೆ ಎಂದರ್ಥ. ವಿಡಿಯೊ, ಫೋಟೊಗಳನ್ನು ಡಿ ಡ್ರೈವ್‌ಗೆ ಸಾಗಿಸಿ, ಡಿಸ್ಕ್ ಕ್ಲೀನಪ್ ಓಡಿಸಿ, ದೊಡ್ಡ ಅಪ್‌ಡೇಟಿಗೆ ಮುಂಚೆ 20 ಜಿಬಿಯಷ್ಟು ಖಾಲಿ ಮಾಡಿಕೊಂಡರೆ ನಿಶ್ಚಿಂತೆ.

ಗಡಿಯಾರದ ಕಾರಣ ಬಹಳ ಜನರಿಗೆ ಹೊಳೆಯುವುದಿಲ್ಲ. ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ, ಸಿಆರ್2032 ಎಂದು ಅದರ ಹೆಸರು. ಪ್ಲಗ್ ತೆಗೆದಾಗಲೂ ಕಂಪ್ಯೂಟರಿನ ಗಡಿಯಾರ ನಡೆಯುವುದು ಅದರ ಬಲದಿಂದ. ಕೆಲವು ವರ್ಷಗಳ ಮೇಲೆ ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಮೈಕ್ರೋಸಾಫ್ಟ್‌ನ ಸರ್ವರ್ ತನ್ನ ಗುರುತಿಗೆ ತೋರಿಸುವ ಡಿಜಿಟಲ್ ಪ್ರಮಾಣಪತ್ರಕ್ಕೆ ಶುರುವಿನ ತಾರೀಖು, ಮುಗಿಯುವ ತಾರೀಖು ಇರುತ್ತದೆ. ಹಿಂದುಳಿದ ಗಡಿಯಾರದ ಯಂತ್ರಕ್ಕೆ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ತೋರುತ್ತದೆ, ಅದು ಸಂಪರ್ಕವನ್ನೇ ನಿರಾಕರಿಸುತ್ತದೆ. ಆಗ ಬರುವ ಕೋಡ್ 80072ಎಫ್8ಎಫ್. ಮದ್ದು, ಹೊಸ ಸೆಲ್ ಒಂದನ್ನು ಹಾಕಿ ತಾರೀಖು ಸರಿಮಾಡುವುದು. ಇಷ್ಟಕ್ಕೂ ಫಾರ್ಮ್ಯಾಟ್ ಮಾಡಿಸಿದವರಿದ್ದಾರೆ, ಮತ್ತೆ ಅದೇ ಕೋಡ್ ಕಂಡವರೂ ಅವರೇ.

ನೆಟ್‌ನದು ಸರಳ ಲೆಕ್ಕ. ತಿಂಗಳ ಅಪ್‌ಡೇಟ್ ಕೆಲವು ನೂರು ಎಂಬಿಯಿಂದ ಒಂದು ಜಿಬಿ ದಾಟುವವರೆಗೆ ಇರುತ್ತದೆ. ಅನೇಕ ಮೊಬೈಲ್ ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದರೆ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿಯುತ್ತದೆ. ಒಂದು ಜಿಬಿ ಎಂದರೆ ಸುಮಾರು 800 ಕೋಟಿ ಬಿಟ್. 64 ಸಾವಿರದಿಂದ ಭಾಗಿಸಿದರೆ ಒಂದು ಲಕ್ಷ 25 ಸಾವಿರ ಸೆಕೆಂಡು, ಅಂದರೆ ಹತ್ತಿರ ಹತ್ತಿರ 35 ಗಂಟೆ. ಸರ್ವರ್ ಅಷ್ಟು ಹೊತ್ತು ಕಾಯುವುದಿಲ್ಲ. 80072ಇಇ2 ಎಂಬ ಕೋಡಿನ ಅರ್ಥ ಇದೇ: ಕಾದು ಕಾದು ಹೊತ್ತು ಮೀರಿತು. ಇಂಥ ಮನೆಯವರು ಬ್ರಾಡ್‌ಬ್ಯಾಂಡ್ ಇರುವ ಕಡೆ ಅಪ್‌ಡೇಟ್ ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬರಬಹುದು. ‘ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್’ನಲ್ಲಿ ಕೆಬಿ ಸಂಖ್ಯೆ ಕೊಟ್ಟರೆ ಅದು ಬಿಡಿಯಾಗಿ ಸಿಗುತ್ತದೆ.

ಇನ್ನು ಕರೆಂಟ್. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಡೆಸ್ಕ್‌ಟಾಪಿನ ಪವರ್ ಸಪ್ಲೈ ಒಳಗಿನ ಕೆಪಾಸಿಟರುಗಳು ಕರೆಂಟ್ ಇಲ್ಲದೆ ಯಂತ್ರವನ್ನು ಹಿಡಿದಿಡುವುದು ಸುಮಾರು 16 ಮಿಲಿಸೆಕೆಂಡ್, ಒಂದು ಸುತ್ತಿಗೂ ಕಡಿಮೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಫ್ಯಾನ್, ಬಲ್ಬು ಹೊತ್ತಿಕೊಂಡು ಕಂಪ್ಯೂಟರ್ ಮಾತ್ರ ಆಫ್ ಆಗುವುದು ಈ ಲೆಕ್ಕದಿಂದಲೇ. ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಹೊತ್ತು 16 ಮಿಲಿಸೆಕೆಂಡ್ ಮೀರಿದರೆ ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಸತ್ತೇಹೋಗುತ್ತದೆ. ಅನೇಕ ಇನ್ವರ್ಟರುಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾಗುವ ಹೊತ್ತು ಕೆಲವೇ ಮಿಲಿಸೆಕೆಂಡಿಗೆ ಇಳಿಯುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಬರೀ ಚಾರ್ಜರ್ ಮೇಲೆ ಓಡಿಸುತ್ತಿದ್ದರೆ ಅದೂ ಡೆಸ್ಕ್‌ಟಾಪಿನಷ್ಟೇ ದುರ್ಬಲ. ವಿಂಡೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬಹುತೇಕ ಸಲ ಯಂತ್ರ ಸುಧಾರಿಸಿಕೊಳ್ಳುತ್ತದೆ. ಆದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನ ಅಪ್‌ಡೇಟಿನ ನಡುವೆ ಹೋದರೆ ಮದರ್‌ಬೋರ್ಡೇ ಕೈಬಿಡಬಹುದು. ಗಾಳಿ-ಮಳೆ ಕಟ್ಟಿಕೊಂಡು ಬರುವ ಮೇ ತಿಂಗಳ ಸಂಜೆ ಅದಕ್ಕೆ ಕೈ ಹಾಕಬೇಡಿ.

ದುರಸ್ತಿಗೆ ಒಂದು ಕ್ರಮವಿದೆ

ಕಾರಣ ಗೊತ್ತಿರಲಿ ಬಿಡಲಿ, ಏನನ್ನೂ ಮುಟ್ಟುವ ಮುಂಚೆ ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿಕೊಳ್ಳಬೇಕು. ಅಪ್‌ಡೇಟ್ ಕಡತಗಳನ್ನು ಮುಟ್ಟುವುದಿಲ್ಲ ಎಂಬುದು ಸಾಮಾನ್ಯ ನಿಯಮ, ಆದರೆ ನಿಯಮ ತಪ್ಪಿದ ಉದಾಹರಣೆ ಇದೆ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳಲ್ಲಿದ್ದ ಕಡತಗಳನ್ನು ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿ, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಟ್ಟಿತು.

ಆಮೇಲೆ ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಬೇಕು. ಪ್ರಿಂಟರ್, ಪೆನ್‌ಡ್ರೈವ್ ಕಳಚಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸುವುದು ಮೊದಲನೆಯದು. ಸೆಟ್ಟಿಂಗ್ಸ್‌ನಲ್ಲಿರುವ ಅಪ್‌ಡೇಟ್ ಟ್ರಬಲ್‌ಶೂಟರ್ ಓಡಿಸುವುದು ಎರಡನೆಯದು. ಇಳಿದ ಕಡತವೇ ಅರ್ಧಂಬರ್ಧವಾಗಿದ್ದರೆ ಅದನ್ನು ಹೊರಗೆ ಹಾಕಬೇಕು. ಸರ್ವಿಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಫೋಲ್ಡರಿನ ಹೆಸರು ಬದಲಿಸಿ, ಸೇವೆಯನ್ನು ಮತ್ತೆ ಶುರುಮಾಡಿದರೆ ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಎರಡು ಉಪಕರಣಗಳಿವೆ: ಎಸ್‌ಎಫ್‌ಸಿ ಮತ್ತು ಡಿಐಎಸ್‌ಎಂ. ಎಸ್‌ಎಫ್‌ಸಿ ಬಳಕೆಯಲ್ಲಿರುವ ಕಡತಗಳನ್ನು ಉಗ್ರಾಣದ ಪ್ರತಿಗಳೊಂದಿಗೆ ಹೋಲಿಸಿ, ಕೆಟ್ಟದ್ದನ್ನು ಅಲ್ಲಿಂದ ತಂದು ಸರಿಮಾಡುತ್ತದೆ. ಡಿಐಎಸ್‌ಎಂ ಆ ಉಗ್ರಾಣವನ್ನೇ ನೆಟ್‌ನಿಂದ ಸರಿಮಾಡುತ್ತದೆ. ಉಗ್ರಾಣದ ಪ್ರತಿಯೇ ಕೆಟ್ಟಿದ್ದರೆ ಎಸ್‌ಎಫ್‌ಸಿಗೆ ತರಲು ಏನೂ ಇರುವುದಿಲ್ಲ. ಆದ್ದರಿಂದ ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ಆಮೇಲೆ. ಇವೂ ಸೋತರೆ ವಿಂಡೋಸ್‌ನ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವ್‌ಗೆ ತಂದು, ಕಂಪ್ಯೂಟರ್ ನಡೆಯುತ್ತಿರುವಾಗಲೇ ಅದರ ಸೆಟಪ್ ಓಡಿಸಿ, ಕಡತ ಮತ್ತು ಪ್ರೋಗ್ರಾಮ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಹಾಕಬಹುದು. ವಿಂಡೋಸ್ ಹೊಸದಾಗುತ್ತದೆ, ಮಗಳ ನೋಟ್ಸು ಇದ್ದಲ್ಲೇ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಸಿಗುವ ಲಾಭ ಹೆಚ್ಚುಕಡಿಮೆ ಅಷ್ಟೂ ಇದರಲ್ಲಿದೆ, ನಷ್ಟವಿಲ್ಲ.

ಕಂಪ್ಯೂಟರ್ ಏಳದೇ ಹೋದರೆ

ಕೆಲವೊಮ್ಮೆ ಹಿಂದಕ್ಕೆ ಮರಳುವ ವ್ಯವಸ್ಥೆಯೂ ಕೈಕೊಟ್ಟು ಡೆಸ್ಕ್‌ಟಾಪ್ ತೆರೆಯುವುದೇ ಇಲ್ಲ. ಇದು ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆ ಎಂದು ಜಗತ್ತು 2024ರ ಜುಲೈ 19, ಶುಕ್ರವಾರ ಕಂಡಿತು. ನಮ್ಮ ಸಮಯ ಬೆಳಗಿನ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಕಂಪನಿ ತನ್ನ ತಂತ್ರಾಂಶಕ್ಕೆ ಒಂದು ಚಿಕ್ಕ ಕಡತ ಕಳಿಸಿತು. 10.57ಕ್ಕೆ ತಪ್ಪು ತಿಳಿದು ಹಿಂದಕ್ಕೆ ತೆಗೆದುಕೊಂಡಿತು. ಆ 78 ನಿಮಿಷದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೆಳಗೆ ಬಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ವಿಮಾನಯಾನ ಕಂಪನಿಗಳ ಚೆಕ್-ಇನ್ ನಿಂತು ಸಿಬ್ಬಂದಿ ಕೈಬರಹದ ಕೆಲಸಕ್ಕೆ ಇಳಿದರು. ಕಾರಣ ಇಷ್ಟೇ: 20 ಅಂಶಗಳನ್ನು ಓದಲು ಬರೆದಿದ್ದ ಪ್ರೋಗ್ರಾಮ್‌ಗೆ 21ನೆಯದನ್ನೂ ಓದಲು ಹೇಳಲಾಗಿತ್ತು. ಅದು ತನ್ನದಲ್ಲದ ಸ್ಮೃತಿಯ ಜಾಗಕ್ಕೆ ಕೈ ಹಾಕಿತು. ವಿಂಡೋಸ್‌ನ ತಿರುಳಿನಲ್ಲೇ ಓಡುವ ಪ್ರೋಗ್ರಾಮ್ ಅದಾದ್ದರಿಂದ ಇಡೀ ಯಂತ್ರ ನಿಂತಿತು.

ಅದು ವಿಂಡೋಸ್ ಅಪ್‌ಡೇಟ್ ಆಗಿರಲಿಲ್ಲ, ವಿಂಡೋಸ್‌ನ ಪಟ್ಟಿಯಲ್ಲಿ ಬರದ ಹೊರಗಿನ ಕಡತ. ಆದ್ದರಿಂದ ತಾನೇ ಹಿಂದಕ್ಕೆ ಮರಳುವ ದಾರಿ ಯಂತ್ರಕ್ಕೆ ಇರಲಿಲ್ಲ. ಜಗತ್ತಿನ ತಂತ್ರಜ್ಞರು ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ಅತ್ಯಗತ್ಯ ಕಡತಗಳಿಂದಷ್ಟೇ ನಡೆಯುವ ಸೇಫ್ ಮೋಡಿನಲ್ಲಿ ಏಳಿಸಿ, ಆ ಒಂದು ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಒಬ್ಬರೂ 85 ಲಕ್ಷ ಯಂತ್ರ ಫಾರ್ಮ್ಯಾಟ್ ಮಾಡಿ ಎನ್ನಲಿಲ್ಲ. ದೋಷ ಎಲ್ಲಿದೆ ಎಂದು ಹುಡುಕಿ, ಅಷ್ಟನ್ನೇ ತೆಗೆದರು.

ವಿಮಾನ ನಿಲ್ದಾಣದಲ್ಲಿ ಬಳಸಿದ ಬಾಗಿಲೇ ಹತ್ತಿಕುಣಿಯ ಮನೆಯ ಕಂಪ್ಯೂಟರಿಗೂ ಇದೆ. ಸತತವಾಗಿ ಎರಡು ಮೂರು ಸಲ ಏಳಲಾಗದಿದ್ದರೆ ವಿಂಡೋಸ್ ತಾನಾಗಿ ರಿಕವರಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ತಿಂಗಳ ಅಪ್‌ಡೇಟ್ ತೊಂದರೆ ಕೊಟ್ಟಿದ್ದರೆ ‘ಕ್ವಾಲಿಟಿ ಅಪ್‌ಡೇಟ್’, ಹೊಸ ಆವೃತ್ತಿ ತೊಂದರೆ ಕೊಟ್ಟಿದ್ದರೆ ‘ಫೀಚರ್ ಅಪ್‌ಡೇಟ್’ ತೆಗೆಯಬೇಕು. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನದ ಅವಕಾಶ ಮಾತ್ರ ಇರುತ್ತದೆ. ಅಲ್ಲಿಯೇ ಸ್ಟಾರ್ಟಪ್ ರಿಪೇರ್, ಸೇಫ್ ಮೋಡ್ ಕೂಡ ಇವೆ. ಈಚಿನ ಅನೇಕ ಲ್ಯಾಪ್‌ಟಾಪುಗಳು ಈ ಹಂತದಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ 48 ಅಂಕೆಗಳ ಕೀಲಿ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿದ್ದವರ ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲಿ ಸಿಗುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಜಾಣತನ.

ಏನೇ ಮಾಡಿದರೂ ಏಳದಿದ್ದರೂ ಕಡತಗಳು ಹೋದವು ಎಂದಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟುನಂಥ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಈ ಯಂತ್ರವನ್ನು ಏಳಿಸಬಹುದು. ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಅದು ನಡೆಯುತ್ತದೆ. ಸಿ ಡ್ರೈವ್ ತೆರೆದು, ಬೇಕಾದ್ದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಮಾತ್ರ ಕೀಲಿ ಬೇಕು.

ಫಾರ್ಮ್ಯಾಟ್ ಯಾವಾಗ, ಅಪ್‌ಡೇಟ್ ಯಾಕೆ

ಡಿಸ್ಕೇ ಹಾಳಾಗಿದ್ದಾಗ, ವೈರಸ್ ಬೇರುಬಿಟ್ಟಾಗ, ಮೇಲಿನದೆಲ್ಲ ಸೋತಾಗ ಫಾರ್ಮ್ಯಾಟ್ ಅಥವಾ ಹೊಸ ಡಿಸ್ಕ್ ಬೇಕೇ ಆಗುತ್ತದೆ. ಆಗ ಎರಡು ಮಾತು ನೆನಪಿರಲಿ. ಸಿ ಡ್ರೈವ್ ಮಾತ್ರ ಅಳಿಸುತ್ತೇವೆ, ಡಿ ಡ್ರೈವ್ ಹಾಗೇ ಇರುತ್ತದೆ ಎಂದು ಅಂಗಡಿಯವರು ಹೇಳುವುದು ನಿಜ. ಆದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಇರುವುದು ಸಿ ಡ್ರೈವ್‌ನಲ್ಲಿ ಎಂಬುದೂ ಅಷ್ಟೇ ನಿಜ. ಎರಡನೆಯದು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಎದುರಾಗುವ ಗಾಬರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಹೊಸ ವಿಂಡೋಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರಗಳನ್ನು ಜೋಡಿಸಿದ್ದವು. ಫಾರ್ಮ್ಯಾಟಿನಲ್ಲಿ ಫಾಂಟ್ ಹೋಯಿತು, ಚಿತ್ರವೂ ಹೋಯಿತು. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಯೂನಿಕೋಡ್‌ನಲ್ಲಿ ಬರೆದ ಕಡತಗಳಿಗೆ ಈ ಭಯವಿಲ್ಲ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟು ಅವನ್ನು ತೋರಿಸುತ್ತದೆ.

ಇಷ್ಟು ತಾಪತ್ರಯ ಯಾಕೆ, ಅಪ್‌ಡೇಟನ್ನೇ ಬಂದ್ ಮಾಡಿಬಿಡೋಣ ಎನ್ನುವವರಿಗೆ 2017 ಉತ್ತರ ಕೊಟ್ಟಿದೆ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟ್ ಬಿಟ್ಟಿತು. ಎರಡು ತಿಂಗಳ ಮೇಲೆ, ಮೇ 12ರಂದು, ವನ್ನಾಕ್ರೈ ಎಂಬ ದಾಳಿ ಅದೇ ಬಿರುಕಿನಿಂದ ಒಳನುಗ್ಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಮದ್ದು ಎರಡು ತಿಂಗಳಿಂದ ಬಾಗಿಲಲ್ಲೇ ಇತ್ತು, ಹಾಕಿಸಿಕೊಂಡಿರಲಿಲ್ಲ.

ಈಗ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಜೊತೆಗೆ ಒಪ್ಪಿತ ಪಟ್ಟಿಯ ಪ್ರೊಸೆಸರ್ ಬೇಕು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಅನೇಕವು ಇಲ್ಲಿ ನಪಾಸಾಗುತ್ತವೆ. ಅದು ಅಪ್‌ಡೇಟ್ ಫೇಲ್ ಆದಂತಲ್ಲ, ಫಾರ್ಮ್ಯಾಟಿನಿಂದ ಸರಿಹೋಗುವಂಥದ್ದೂ ಅಲ್ಲ. ಅಂಥ ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಸುರಕ್ಷಾ ಅಪ್‌ಡೇಟ್ ಯೋಜನೆಯನ್ನು ಘೋಷಿಸಿತು. ಆಮೇಲೆಯೂ ಯಂತ್ರ ಗಟ್ಟಿಯಾಗಿದ್ದರೆ ಲಿನಕ್ಸ್ ಹಾಕಿಕೊಂಡು ಓದು, ಬರಹ, ಅರ್ಜಿ ತುಂಬುವುದು ಎಲ್ಲವನ್ನೂ ಮಾಡಬಹುದು.

ಕಂಪ್ಯೂಟರನ್ನು ಯಾದಗಿರಿಗೋ ಶಹಾಪುರಕ್ಕೋ ಸುರಪುರಕ್ಕೋ ಒಯ್ಯಲೇಬೇಕಾಗಿ ಬಂದರೆ ಒಯ್ಯಿರಿ, ತಪ್ಪಿಲ್ಲ. ಒಳ್ಳೆಯ ದುರಸ್ತಿಗಾರರು ಅಲ್ಲಿದ್ದಾರೆ. ಆದರೆ ಪೆಟ್ಟಿಗೆಯ ಜೊತೆಗೆ ಒಂದು ಚೀಟಿಯನ್ನೂ ಒಯ್ಯಿರಿ: ಎರರ್ ಕೋಡ್, ಅಪ್‌ಡೇಟಿನ ಕೆಬಿ ಸಂಖ್ಯೆ, ನಾಲ್ಕು ಹಂತಗಳಲ್ಲಿ ಯಾವುದರಲ್ಲಿ ನಿಂತಿತು ಎಂಬ ಒಂದು ಸಾಲು. “ಫಾರ್ಮ್ಯಾಟ್ ಹೊಡಿಬೇಕ್ರಿ” ಎಂದರೆ “ಈ ಕೋಡಿಗೆ ಅದೇ ಮದ್ದೇನ್ರಿ?” ಎಂದು ಕೇಳಿ. ಬಲ್ಲವರಾದರೆ ಆ ಪ್ರಶ್ನೆಗೆ ಸಂತೋಷಪಡುತ್ತಾರೆ. ಉತ್ತರ ಸಮಾಧಾನ ಕೊಡುವವರೆಗೆ ಡಿಸ್ಕನ್ನು ಅಳಿಸಲು ಒಪ್ಪಬೇಡಿ.